ಕೂಸಿಲ್ಲದ ಬಾಣಂತನ

“ಆ ಹಂಪ್ ಮೇಲೆ ಗಾಡಿ ಹಾರಿಸಿದ್ಯಲ್ಲ, ಅಲ್ಲೇ ಹೋಯ್ತು ಕಣೋ ಮಗು!”

ಹಳೇ ಕೆಂಗೇರಿಯ ಮನೆಯಲ್ಲಿ ನರಸಮ್ಮ ಮಗ ಸಿದ್ದೇಶನಿಗೆ ಇದನ್ನು ಹೇಳಿದ್ದು ಎಷ್ಟನೆಯ ಸಲವೋ. ಅವನ ಹೆಂಡತಿ ಧನ್ಯಶ್ರೀಗೆ ಕಳೆದ ವಾರ, ಎರಡು ತಿಂಗಳಿಗೇ ಗರ್ಭ ಹೋಗಿತ್ತು. ಅಂದಿನಿಂದ ಅವನು ಸ್ಕೂಟರ್ ಮುಟ್ಟಿಲ್ಲ.

ಪಕ್ಕದ ಮನೆಯ ಜ್ಯೋತಿಲಕ್ಷ್ಮಿ ಆಸ್ಪತ್ರೆಯಲ್ಲಿ ನರ್ಸು. ಕರಿಬೇವು ಕೇಳಲು ಬಂದವರು ಅಡುಗೆಮನೆಗೆ ಇಣುಕಿದರು. ಧನ್ಯಶ್ರೀ ಮುದ್ದೆ ತಿರುವುತ್ತಿದ್ದಳು. ಕೈ ಹಿಡಿದು ನೋಡಿದರೆ ಕೆಂಡ.

“ಜ್ವರ ಕಣೇ ಇದು! ಯಾಕೆ ಬಾಯಿ ಬಿಡ್ಲಿಲ್ಲ?”

“ಯಾವ ಮುಖ ಇಟ್ಕೊಂಡು ಹೇಳ್ಲಿ ಆಂಟಿ? ಆಫೀಸಲ್ಲಿ ಎರಡು ತುಂಡು ಪಪ್ಪಾಯ ಹಣ್ಣು ತಿಂದಿದ್ದೆ. ತಪ್ಪು ನಂದೇ.”

ಜ್ಯೋತಿಲಕ್ಷ್ಮಿ ನಡುಮನೆಯಲ್ಲಿದ್ದ ತಾಯಿ-ಮಗನತ್ತ ತಿರುಗಿದರು. “ಹಂಪೂ ಅಲ್ಲ, ಹಣ್ಣೂ ಅಲ್ಲ. ನರಸಮ್ಮನೋರೇ, ರಂಗೋಲಿಗೆ ಚುಕ್ಕಿ ಇಡುವಾಗ್ಲೇ ಒಂದು ಹೆಚ್ಚುಕಮ್ಮಿ ಆದ್ರೆ?”

“ಎಳೆ ಕೂಡಲ್ಲ. ಅಳಿಸ್ಬೇಕು, ಅಷ್ಟೆ.”

“ಇದೂ ಹಾಗೇನೇ. ಅಪ್ಪನಿಂದ ಅರ್ಧದಷ್ಟು ಚುಕ್ಕಿ, ಅಮ್ಮನಿಂದ ಅರ್ಧದಷ್ಟು. ಕಣ್ಣಿಗೆ ಕಾಣದಷ್ಟು ಸಣ್ಣದ್ರೊಳಗೆ ಇಡೀ ಮನುಷ್ಯನ ನಕ್ಷೆ! ಮೂಗು, ಉಗುರು, ನಿಮ್ಮ ಮಗನ ಗುಂಗುರು ಕೂದಲು, ಎಲ್ಲಾ ಅದ್ರಲ್ಲೇ. ಶುರುನಲ್ಲೇ ಹೋಗೋ ಗರ್ಭಗಳಲ್ಲಿ ಅರ್ಧದಷ್ಟಾದ್ರೂ ಈ ಚುಕ್ಕಿ ತಪ್ಪಿದ್ದಕ್ಕೇ ಹೋಗೋದು. ಅದು ಯಾರ ಕೈಲೂ ಇಲ್ಲ. ಕೆಲವ್ರಿಗೆ ಶುಗರ್ರು, ಥೈರಾಯ್ಡು ಇರತ್ತೆ. ಅದನ್ನ ಟೆಸ್ಟ್ ಮಾಡಿಸಿ ನೋಡ್ಬೇಕು.”

ನರಸಮ್ಮ ಮಗನ ಮುಖವನ್ನೇ ನೋಡುತ್ತ ಕೂತರು, ಇವನನ್ನು ಈಗಷ್ಟೇ ಹೆತ್ತಂತೆ.

“ಅಷ್ಟೂ ಚುಕ್ಕಿ ಸರಿಯಾಗಿ ಕೂಡಿ ಬಂದವನಾ ಈ ಸೋಮಾರಿ?” ಎಂದರು ಮೆಲ್ಲಗೆ.

“ಅವನನ್ನ ಆಮೇಲೆ ನೋಡೋರಂತೆ. ಆಟೋ ಕರಿಯೋ ಸಿದ್ದೇಶ! ಗರ್ಭ ಹೋದ್ಮೇಲೆ ಜ್ವರ ಬಂತು ಅಂದ್ರೆ ಕಾಯ್ತಾ ಕೂರೋ ಹಾಗಿಲ್ಲ.”

ಆಸ್ಪತ್ರೆಯಲ್ಲಿ ನೋಡಿದರೆ ಗರ್ಭಕೋಶಕ್ಕೆ ನಂಜೇರಿತ್ತು. ಇನ್ನೂ ತಡವಾಗಿದ್ದರೆ ಅವಳ ಜೀವಕ್ಕೇ ಅಪಾಯವಿತ್ತು ಎಂದರು ಡಾಕ್ಟರು. ಜ್ವರ ಇಳಿದು ಅವಳು ಮನೆಗೆ ಬಂದ ದಿನ ಜ್ಯೋತಿಲಕ್ಷ್ಮಿ ಮತ್ತೆ ಬಂದರು.

“ಇವಳಿಗೀಗ ಬಾಣಂತನ ಆಗ್ಬೇಕು.”

“ಕೂಸಿಲ್ದೆ ಬಾಣಂತನವಾ? ಎಲ್ಲೂ ಕೇಳಿಲ್ಲಮ್ಮ.”

“ಕೂಸಿಲ್ಲ, ನಿಜ. ರಕ್ತ ಹೋಗಿಲ್ವಾ? ನೋವು ತಿಂದಿಲ್ವಾ?”

ನರಸಮ್ಮ ಸೊಸೆಯ ಹೊದಿಕೆಯನ್ನು ಕಾಲತನಕ ಎಳೆದು ಸರಿಮಾಡಿದರು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಹೀಗಾದರೆ “ಏನು ತಿಂದೆ, ಎಲ್ಲಿಗೆ ಹೋಗಿದ್ದೆ” ಅನ್ನಬೇಡಿ. “ಹೇಗಿದ್ದೀಯಮ್ಮ” ಅನ್ನಿ. ಅತ್ತರೆ ಅಳಲು ಬಿಡಿ. ಜ್ವರ, ವಿಪರೀತ ರಕ್ತಸ್ರಾವ, ತಡೆಯಲಾಗದ ಹೊಟ್ಟೆನೋವು, ತಲೆಸುತ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ ಮಗು ಬೇಕೆನ್ನುವ ಮೊದಲು ಡಾಕ್ಟರನ್ನು ಕಂಡು ಫೋಲಿಕ್ ಆಸಿಡ್ ಮಾತ್ರೆ ಶುರುಮಾಡಿಸಿ. ಎರಡನೆಯ ಸಲವೂ ಹೋದರೆ, ಮೂರನೆಯದಾಗಲಿ ಎಂದು ಕಾಯದೆ ಪರೀಕ್ಷೆ ಮಾಡಿಸಿ.

ಮಾರನೆಯ ಬೆಳಿಗ್ಗೆ, ಗೀಸರ್ ಇದ್ದರೂ, ನರಸಮ್ಮ ಹಿತ್ತಲಲ್ಲಿ ಹಂಡೆಗೆ ಉರಿ ಹಾಕಿದರು. ಬಿಸಿನೀರನ್ನು ಸಿದ್ದೇಶ ಬಚ್ಚಲಿಗೆ ಹೊತ್ತುಕೊಟ್ಟ. ಅವರು ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ನೀರನ್ನು ಮೊದಲು ತಮ್ಮ ಕೈಮೇಲೆ ಬಿಟ್ಟು ನೋಡಿ, ಅವಳ ಬೆನ್ನಿಗೆ ಮೊದಲ ಚೊಂಬು ಸುರಿದರು.