ಬಾಟಲಿ ಕುಲುಕುವ ಕಾಸೀಂಸಾಬರು

ಜತ್ತದ ಕಾಸೀಂಸಾಬರ ಕೈಗೆ ಸಿಕ್ಕ ಬಾಟಲಿ ಯಾವುದೇ ಇರಲಿ, ಚೆನ್ನಾಗಿ ಕುಲುಕಿಸಿಕೊಳ್ಳದೆ ಅದರ ಮುಚ್ಚಳ ತೆರೆಯುವುದಿಲ್ಲ. ಯುನಾನಿ ಔಷಧದ ಅಂಗಡಿಯಲ್ಲಿ ಆಯುಷ್ಯ ಸವೆಸಿದ ಆ ಬಲಗೈ, ಮದುವೆಮನೆಯಲ್ಲಿ ಬರೀ ನೀರಿನ ಬಾಟಲಿ ಕೊಟ್ಟರೂ ಕುಲುಕಿಯೇ ಕುಡಿಸುತ್ತದೆ. ಬಿರುಬೇಸಿಗೆಯಲ್ಲೂ ಮೈಬಿಡದ ಕರಿಕೋಟು, ಎಡಗಾಲನ್ನು ತುಸು ಎಳೆದು ಹಾಕುವ ಗಂಭೀರ ನಡಿಗೆ, ಪ್ರತಿ ಮಾತಿಗೂ ಮುನ್ನುಡಿಯಾಗಿ ಒಂದು ‘ಖರೇ ಹೇಳ್ತೀನ್ರಿ’. ಇವೆಲ್ಲ ಅವರ ಅಲಂಕಾರಗಳಾದರೆ, ಹಳೆಯ ಫಿಯೆಟ್ ಕಾರು ಅವರ ಪ್ರಾಣ.

ಆ ಪ್ರಾಣದ ಮೇಲೆ ಹೆಂಡತಿ ಹಜರಾಬಿ ಅವರಿಗೆ ಮಾತ್ರ ನಂಬಿಕೆ ಹೋಗಿತ್ತು. ಹೋದ ವರ್ಷ ಉಮದಿ ದಾರಿಯಲ್ಲಿ ಬ್ರೇಕು ಕೈಕೊಟ್ಟು ಕಾರು ಜೋಳದ ಹೊಲಕ್ಕೆ ನುಗ್ಗಿದಂದಿನಿಂದ ಅವರು ಅದರ ಬಾಗಿಲನ್ನೂ ಮುಟ್ಟಿರಲಿಲ್ಲ. ರಿಪೇರಿಯಾದ ಮೇಲೂ ಅದೇ ಹಟ. ಉಮದಿಯಲ್ಲಿರುವ ಮಗಳು ಫಿರದೋಸಳ ಮನೆಗೆ ಅವರು ಬಸ್ಸಿನಲ್ಲಿ ಹೋಗುವುದು, ಇವರು ಅದೇ ಬಸ್ಸಿನ ಹಿಂದೆ ಕಾರಿನಲ್ಲಿ ಒಬ್ಬರೇ ಹೋಗುವುದು! ಪಕ್ಕದ ಖಾಲಿ ಸೀಟು ಸಾಹೇಬರ ಕಣ್ಣಿಗೆ ಚುಚ್ಚುತ್ತಿತ್ತು.

ಮಾಮೂಲಿ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಒಳಗೆಲ್ಲ ತುಕ್ಕು ಹಿಡಿಸುತ್ತದೆ, ಚೆಲ್ಲಿದರೆ ಕಾರಿನ ಬಣ್ಣವನ್ನೂ ತಿನ್ನುತ್ತದೆ. ಸಿಲಿಕೋನ್ ಎಣ್ಣೆಗೆ ಆ ದುರ್ಗುಣಗಳಿಲ್ಲ ಎಂದು ಎಲ್ಲೋ ಕೇಳಿ, ಸಾಹೇಬರು ಅದನ್ನು ಪುಣೆಯಿಂದ ತರಿಸಿದರು. ಮೆಕ್ಯಾನಿಕ್ ಸಂಭಾಜಿ ಮನೆಗೇ ಬಂದು ಹಳೆಯದನ್ನೆಲ್ಲ ಹೊರಹಾಕಿ, ಕೊಳವೆಗಳನ್ನು ತೊಳೆದು ಒಣಗಿಸಿ, ರಬ್ಬರುಗಳನ್ನು ಬದಲಿಸಿದ. ಬಾಟಲಿ ಕುಲುಕಬೇಡಿ, ಗುಳ್ಳೆ ಸೇರಿದರೆ ಬ್ರೇಕು ಹಿಡಿಯುವುದಿಲ್ಲ ಎಂದು ಸಾರಿ ಸಾರಿ ಹೇಳಿದ. ಆದರೆ ನೇರಳೆ ಬಣ್ಣದ ಆ ಎಣ್ಣೆ ಥೇಟ್ ಔಷಧದ ಶರಬತ್ತಿನಂತೆಯೇ ಇತ್ತು. ಕಂಡದ್ದೇ ತಡ, ಸಾಹೇಬರ ಬಲಗೈ ತನ್ನ ಧರ್ಮವನ್ನು ಪಾಲಿಸಿಬಿಟ್ಟಿತು. ಸುರಿದ ಮೇಲೆ ಪೆಡಲು ಒತ್ತಿದರೆ ಹತ್ತಿಯ ಗಾದಿ. ಸಂಭಾಜಿ ತಲೆಯ ಮೇಲೆ ಕೈಹೊತ್ತ. ನೋಡಲು ಬಂದಿದ್ದ ನೆರೆಮನೆಯ ನಾನು ನಗು ತಡೆಯಲಾರದೆ ಆಚೆ ತಿರುಗಿದೆ.

ಅವನು ಆ ಎಣ್ಣೆಯನ್ನೆಲ್ಲ ಇಳಿಸಿ, ಸಾಹೇಬರು ಇನ್ನೊಂದು ಬಾಟಲಿ ತೆಗೆಯುವಷ್ಟರಲ್ಲಿ, ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಹಜರಾಬಿ ಬಂದು ಅದನ್ನು ಕಸಿದುಕೊಂಡರು.

“ನೀವು ದೂರ ಕುಂದ್ರಿ. ನಾ ಹಾಕ್ತೀನಿ.”

ಕೂಸಿಗೆ ಹಾಲು ಕುಡಿಸುವ ಹಾಗೆ, ಅಂಚಿಗೆ ತಾಗಿಸಿ, ಒಂದು ಗುಳ್ಳೆಯೂ ಏಳದಂತೆ ಸುರಿದರು. ಸಾಹೇಬರು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಬಂಧಿಸಿಕೊಂಡು ಕುಳಿತಿದ್ದರು. ಸಂಭಾಜಿ ಚಕ್ರಗಳ ಬಳಿಯಿಂದ ಒಳಗಿನ ಗಾಳಿ ತೆಗೆದು, ಒಂದು ಸುತ್ತು ಓಡಿಸಿ ಬಂದು, ಬ್ರೇಕು ಗಟ್ಟಿಯಾಗಿ ನಿಲ್ಲುತ್ತದೆ ಎಂದ. ಹಜರಾಬಿ ಸೆರಗಿಗೆ ಕೈ ಒರೆಸಿ, ಮುಂದಿನ ಬಾಗಿಲು ತೆರೆದು ಕುಳಿತೇಬಿಟ್ಟರು.

“ಎಣ್ಣಿ ನಾನ ಹಾಕೀನಲ್ಲ, ಇನ್ನ ಅಂಜಿಕಿ ಯಾಕ? ನಡೀರಿ ಉಮದಿಗಿ.”

ಸಾಹೇಬರು ‘ಖರೇ’ ಎಂದರು. ಮುನ್ನುಡಿ ಮುಗಿಸುವ ಮೊದಲೇ ಕೈಗಳನ್ನು ಜೇಬಿನಿಂದ ಬಿಡಿಸಿ, ಕಾರು ಹತ್ತಿ ಸ್ಟೀರಿಂಗ್ ಹಿಡಿದರು.

ಹಳೆಯ ಯಂತ್ರಗಳಿಗೆ ಜೀವ ತೇಯುವವರನ್ನು ಕಂಡು ನಗುವುದು ಸುಲಭ, ನಾನೂ ನಕ್ಕವನೇ. ಆದರೆ ಇಂಥವರಲ್ಲಿ ಬಹಳ ಮಂದಿ, ಪಕ್ಕದ ಒಂದು ಸೀಟು ಖಾಲಿ ಇರುವುದನ್ನು ನೋಡಲಾರದೆ ಇಡೀ ಕಾರನ್ನು ಬಿಚ್ಚಿ ಕಟ್ಟುತ್ತಾರೆ.