ದಕ್ಷಿಣದ ಗೋಡೆ

ಕ್ಯಾಥೆಡ್ರಲ್ಲಿನ ಚರಿತ್ರೆ ಬರೆದುಕೊಡುವ ಕೆಲಸ ಮಗಳಿಗೆ ಸಿಕ್ಕಿದಾಗ ಅಪ್ಪನಿಗೆ ಎಲ್ಲಿಲ್ಲದ ಹಿಗ್ಗು. ಇಪ್ಪತ್ತಾರು ವರ್ಷದ ಹಿಂದೆ ಅದರ ದಕ್ಷಿಣದ ಗೋಡೆಯನ್ನು ರಿಪೇರಿ ಮಾಡಿದ ಗಾರೆ ಮೇಸ್ತ್ರಿ ಅವನು. ಮಂಡಿ ನೋವು ಹಿಡಿದ ಮೇಲೆ ಮುಂಬಾಗಿಲಿನಿಂದ ಹೋಗಿ ಹಾಗೇ ಬಂದುಬಿಡುತ್ತಿದ್ದ. ದಕ್ಷಿಣಕ್ಕೆ ಸುತ್ತಿ ಬಂದು ಆರು ವರ್ಷವಾಗಿತ್ತು. ಮಾತಿನಲ್ಲಿ ಮಾತ್ರ ಅದು ಈಗಲೂ "ನನ್ನ ಗೋಡೆ."

"ನಿಮ್ಮಪ್ಪನ ಫೋಟೋ ಮೊದಲ ಪುಟದಲ್ಲೇ ಹಾಕ್ಬಿಡು. ಬಿಷಪ್ಪುಗಳೆಲ್ಲ ಹಿಂದೆ ಕೂತ್ಕೊಳ್ಲಿ" ಎಂದಳು ಅಮ್ಮ.

ಮಗಳು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ, ಕಾಗದದ ಮುಂದೆ ಸಂಕೋಚವಿಲ್ಲ. ಮಣ್ಣಿನ ಪ್ರಾರ್ಥನಾಮಂದಿರ ಸುಟ್ಟುಹೋದದ್ದು, ಅದೇ ಜಾಗದಲ್ಲಿ ಇಟ್ಟಿಗೆಯ ಕಟ್ಟಡ ಎದ್ದದ್ದು, ಸಿಡಿಲಿಗೆ ಬಿದ್ದ ಗೋಪುರವನ್ನು ಮೊದಲಿಗಿಂತ ಗಿಡ್ಡವಾಗಿ ಕಟ್ಟಿದ್ದು, ಚಾವಣಿಯ ಭಾರವನ್ನು ಹೊರಗಿನ ಆಸರೆಗೋಡೆಗಳು ಹೊತ್ತದ್ದು, ಎಲ್ಲವೂ ಸರಾಗವಾಗಿ ಬಂತು. ಕೊನೆಯಲ್ಲಿ ಫಾದರ್ ಇಂಜಿನಿಯರನ ವರದಿ ಕೊಟ್ಟರು. ದಕ್ಷಿಣದ ಮೂರು ಕಮಾನುಗಳ ಕೆಳಗೆ ಇಟ್ಟಿಗೆ ಪುಡಿಯಾಗುತ್ತಿದೆ. ಹಿಂದಿನ ರಿಪೇರಿಯಲ್ಲಿ ಸುಣ್ಣದ ಗಾರೆ ಕೆರೆದು ಸಂದುಗಳಿಗೆ ಸಿಮೆಂಟು ತುಂಬಿದ್ದರಿಂದ ಗೋಡೆಯ ತೇವ ಸಂದಿನಿಂದ ಹೊರಬರಲಾರದೆ ಮೆತ್ತನೆಯ ಇಟ್ಟಿಗೆಯಿಂದಲೇ ಬರುತ್ತಿದೆ. ಸಿಮೆಂಟು ತೆಗೆಯದಿದ್ದರೆ ಬಣ್ಣದ ಗಾಜಿನ ಕಿಟಕಿಗಳು ಉಳಿಯುವುದಿಲ್ಲ.

ನಾಲ್ಕು ದಿನ ಆ ಪುಟ ಖಾಲಿ ಇತ್ತು. ಬರೆದರೆ ಅಪ್ಪನ ಹೆಸರು ಮಣ್ಣಾಗುತ್ತದೆ, ಬಿಟ್ಟರೆ ಚರಿತ್ರೆ ಸುಳ್ಳಾಗುತ್ತದೆ. ಐದನೆಯ ದಿನ ಬರೆದು, ಅಪ್ಪನ ಕೈಗೇ ಕೊಟ್ಟಳು.

"ಓದ್ಕೊಂಡವರ ಹಣೆಬರಹ ಇಷ್ಟೇ" ಎಂದ ಅಪ್ಪ. "ಕಬ್ಬಿಣ ನಿಂತ ಹಾಗೆ ನಿಂತಿದೆ ಅದು."

"ಸಿಮೆಂಟು ನಿಂತಿದೆ ಅಪ್ಪ. ಇಟ್ಟಿಗೆ ಹೋಗ್ತಿದೆ."

ಅವನು ಕೋಲು ಹಿಡಿದು ಹೊರಟೇಬಿಟ್ಟ. ಮಗಳು ಹಿಂದೆ ಹೋದಳು.

ಸಿಮೆಂಟಿನ ಗೆರೆಗಳು ಖಾಲಿ ಚೌಕಟ್ಟುಗಳಂತೆ ಮುಂದಕ್ಕೆ ಚಾಚಿದ್ದವು. ಇಟ್ಟಿಗೆಗಳು ಅವುಗಳ ಒಳಗೆ ಎರಡು ಬೆರಳಷ್ಟು ಸವೆದಿದ್ದವು. ಅಪ್ಪ ಹೆಬ್ಬೆರಳು ಒತ್ತಿದ. ಕೆಂಪು ಪುಡಿ ಉದುರಿತು. ಒಂದೊಂದು ಕಮಾನಿನ ಕೆಳಗೂ ಒತ್ತಿ ನೋಡಿದ. ನಾಲ್ಕನೆಯದರ ಇಟ್ಟಿಗೆಗಳ ಅಂಚು ಇನ್ನೂ ಚೂಪಾಗಿತ್ತು. ಅಲ್ಲಿ ಬಹಳ ಹೊತ್ತು ನಿಂತ.

"ಇದು ನಿಮ್ಮ ದೊಡ್ಡಪ್ಪಂದು. ನಾನು ಮೂರು ಮುಗಿಸೋ ಹೊತ್ತಿಗೆ ಅವನದು ಒಂದೂ ಆಗಿರ್ಲಿಲ್ಲ. ಸುಣ್ಣ ನೆನೆಹಾಕ್ಕೊಂಡು ಕೂತಿದ್ದ. ಬಸವನಹುಳು ಅಂತ ಎಲ್ಲರೆದುರಿಗೆ ಆಡ್ಕೊಂಡೆ. ಇದು ಮುಗೀತಿದ್ದ ಹಾಗೇ ಅವನನ್ನ ಕೆಲಸದಿಂದ ಬಿಡಿಸಿದ್ರು."

"ಯಾರು ಬಿಡಿಸಿದ್ದು?"

"ನಾನೇ ಹೇಳಿದ್ದು."

ಅಂದಿನಿಂದ ಅಣ್ಣತಮ್ಮಂದಿರ ಮಧ್ಯೆ ಮಾತಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾರಣ ಗೊತ್ತಾದದ್ದು ಈಗ.

"ನಿನ್ನ ಹೆಸರು ಹಾಕಲ್ಲ ಬಿಡು" ಎಂದಳು.

"ಹಾಕು. ಅವನದು ಮೊದಲು ಹಾಕು." ನಾಲ್ಕನೆಯ ಕಮಾನಿನ ಸಂದಿನ ಮೇಲೆ ಬೆರಳಾಡಿಸಿ ಹೇಳಿದ, "ಸುಣ್ಣಕ್ಕೆ ಮರಳೆಷ್ಟು ಬೆರೆಸಿದ್ದ ಅಂತ ಇಂಜಿನಿಯರಿಗೆ ಬೇಕಾಗುತ್ತೆ. ನಾನು ಆಗ ನೋಡ್ಲೇ ಇಲ್ಲ."

ದೊಡ್ಡಪ್ಪನ ಮನೆ ಎರಡು ಬೀದಿ ಆಚೆ. ಅಪ್ಪ ಗೇಟಿನಲ್ಲೇ ನಿಂತ. ಬೆಲ್ ಒತ್ತಿದ್ದು ಮಗಳು.

ದೊಡ್ಡಪ್ಪ ಬಾಗಿಲು ತೆಗೆದು ಅವಳನ್ನು ನೋಡಿದ, ಆಮೇಲೆ ಗೇಟಿನ ಹತ್ತಿರ ತಮ್ಮನ ಕೆಂಪಾದ ಹೆಬ್ಬೆರಳನ್ನು.

"ಯಾವ ಕಮಾನು? ಒಂದನೇದಾ, ಮೂರನೇದಾ?"

"ಮೂರೂ" ಎಂದ ಅಪ್ಪ.

ದೊಡ್ಡಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದ.