ಅಪ್ಪ ಗೆದ್ದ ವಿಸಿಡಿ

ನಮ್ಮ ಮನೆಯಲ್ಲಿ ಪಕ್ಷದ ಹಬ್ಬದ ಎಡೆಯನ್ನು ಫೋಟೋದ ಮುಂದೆ ಇಡುವುದಿಲ್ಲ, ಟಿವಿ ಮುಂದೆ ಇಡುತ್ತೇವೆ. ಅಪ್ಪನಿಗೆ ಇಷ್ಟವಾದ ಮಟನ್ ಸಾರು, ಮುದ್ದೆ, ಒಂದು ಕ್ವಾರ್ಟರ್ ರಮ್ಮು, ಒಂದು ಕಟ್ಟು ಬೀಡಿ. ಅಮ್ಮ ಊದುಬತ್ತಿ ಹಚ್ಚಿ 'ಹಾಕೋ ಶಶಿ' ಅನ್ನುತ್ತಾಳೆ. ನಾನು ವಿಸಿಡಿ ಹಾಕುತ್ತೇನೆ. ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಇದನ್ನು ನೋಡಿ ನಗುವವರೂ ಇದ್ದಾರೆ. ನನ್ನ ಎದುರಿಗೆ ಮಾತ್ರ ಯಾರೂ ನಕ್ಕಿಲ್ಲ.

ಸಿನಿಮಾದ ಹೆಸರು 'ಗಾಜಿನ ಗಲ್ಲಿ'. ನೀವು ನೋಡಿರಲಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ಒಂದೇ ವಾರ ಓಡಿ ಡಬ್ಬ ಸೇರಿದ ಚಿತ್ರ. ಬರೀ ಕತ್ತಲು, ಸಿಗರೇಟು ಹೊಗೆ, ಹೀರೋನೇ ಕೊಲೆಗಾರ. ಆಗಿನ ಜನಕ್ಕೆ ಅದು ಹಿಡಿಸಲಿಲ್ಲ. ನಮ್ಮಪ್ಪ ಶಿವಲಿಂಗಯ್ಯ ಅದರಲ್ಲಿ ಫೈಟರ್. ಬೇರೆ ಚಿತ್ರಗಳಲ್ಲಿ ಹತ್ತು ಜನರ ಹಿಂದೆ ನಿಂತು, ಹೀರೋ ಕೈ ಬೀಸಿದರೆ ಉರುಳಿಕೊಳ್ಳುವ ಕೆಲಸ. ಇದೊಂದರಲ್ಲಿ ಮಾತ್ರ ಗಾಜಿನ ಗೋಡೌನು ಕಾಯುವ ಕೇಡಿಯಾಗಿ ಒಂದು ಇಡೀ ಫೈಟು ಅವನಿಗೆ ಸಿಕ್ಕಿತ್ತು.

ನಮ್ಮ ವಿಸಿಡಿಯಲ್ಲಿ ಅಪ್ಪ ಹೀರೋ ಬದರೀನಾರಾಯಣನ ಕಾಲರ್ ಹಿಡಿದು ಎತ್ತಿ ಗಾಜಿನ ರಾಶಿಗೆ ಅಪ್ಪಳಿಸುತ್ತಾನೆ. ಗಾಜು ಪುಡಿಪುಡಿ. ಅಲ್ಲಿಗೆ ಮೊದಲನೇ ಡಿಸ್ಕು ಮುಗಿಯುತ್ತದೆ. ಎರಡನೆಯದು ಹಾಕಿದರೆ ಹೀರೋ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯಲ್ಲಿ ಮಲಗಿರುತ್ತಾನೆ. 'ನಮ್ಮನೆಯವರ ಏಟಿಗೆ ಹೀರೋನೇ ಆಸ್ಪತ್ರೆ ಸೇರ್ದ' ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅದನ್ನೇ ಕೇಳುತ್ತಾ ಬೆಳೆದೆ.

ಆ ಫೈಟಿನ ಶೂಟಿಂಗು ನಡೆದ ದಿನವೇ ಅಪ್ಪ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದ. ಊಟದ ವಿರಾಮದಲ್ಲಿ ಮೆಟ್ಟಿಲಿಂದ ಜಾರಿ ಬಿದ್ದ ಅಂತ ಜೊತೆಗೆ ಬಂದವರು ಹೇಳಿದರು. ಬೆಳಗಾಗುವಷ್ಟರಲ್ಲಿ ರಕ್ತ ಕಾರಿಕೊಂಡ, ಆಸ್ಪತ್ರೆಯಲ್ಲಿ ಹೋಗಿಬಿಟ್ಟ. ಸಿನಿಮಾ ಬಂದಾಗ ನಾವು ಸೂತಕದ ಮನೆಯವರು, ಥಿಯೇಟರಿಗೆ ಯಾರು ಹೋಗುತ್ತಾರೆ. ವರ್ಷಗಳಾದ ಮೇಲೆ ಮಾವ ಫುಟ್‌ಪಾತಿನಲ್ಲಿ ಆ ವಿಸಿಡಿ ಕಂಡು ಎತ್ತಿಕೊಂಡು ಬಂದ.

ನಾನು ಪಿ.ಟಿ. ಮೇಷ್ಟ್ರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಾಯಿಗಿಂತ ಕೈ ಮುಂದು. ಕಬಡ್ಡಿ ರೆಫರಿಯ ಹಲ್ಲು ಅಲ್ಲಾಡಿಸಿದ್ದೇನೆ, ಮದುವೆಮನೆಯಲ್ಲಿ ನೆಂಟನೊಬ್ಬನನ್ನು ಛತ್ರದಿಂದ ಹೊರಗೆ ಎಳೆದು ಬಾರಿಸಿದ್ದೇನೆ. ಪ್ರತಿ ಸಲವೂ ಅಮ್ಮ ಬೈದುಕೊಂಡೇ ನನ್ನ ಅಂಗಿಯ ರಕ್ತ ಒಗೆಯುತ್ತಾಳೆ. ಒಗೆದಾದ ಮೇಲೆ 'ಥೇಟ್ ಅಪ್ಪನ ಕೈ' ಅನ್ನುತ್ತಾಳೆ. ನನಗೆ ಅದು ಮೆಡಲ್ ಇದ್ದ ಹಾಗೆ.

ಹೀಗಿರುವಾಗ ಆತ್ರೇಯ ಎಂಬುವವರು ಫೋನ್ ಮಾಡಿದರು. ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾರಂತೆ, ಹಳೇ ಸಿನಿಮಾಗಳ ಕ್ಯಾಸೆಟ್ಟು, ಡಿಸ್ಕುಗಳನ್ನು ಹೋಲಿಸಿ ಯೂಟ್ಯೂಬಿಗೆ ಹಾಕುತ್ತಾರಂತೆ. 'ಗಾಜಿನ ಗಲ್ಲಿ' ಈಗ ಬ್ಲೂರೇ ಆಗಿ ಬರುತ್ತಿದೆ, ಅದಕ್ಕೆ ಇವರೇ ಸಲಹೆಗಾರರು. ಮುಂದಿನ ಭಾನುವಾರ ಬಸವನಗುಡಿಯ ಒಂದು ಸಭಾಂಗಣದಲ್ಲಿ ಬಿಡುಗಡೆ, ಪ್ರದರ್ಶನ, ಬದರೀನಾರಾಯಣರ ಕೈಯಿಂದ ಅಮ್ಮನಿಗೆ ಶಾಲು. ಅಮ್ಮ ಆವತ್ತೇ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹರಡಿದಳು. ಹೋಲಿಸುವುದಕ್ಕೆ ನಮ್ಮ ವಿಸಿಡಿ ಬೇಕು ಅಂತಲೂ ಆತ್ರೇಯ ಅಂದಿದ್ದರು. ಶನಿವಾರ ಶಾಲೆ ಬಿಟ್ಟಮೇಲೆ ತೆಗೆದುಕೊಂಡು ಹೋದೆ.

ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಅವರ ಮನೆ. ಗೋಡೆ ತುಂಬಾ ಡಿಸ್ಕಿನ ಡಬ್ಬಿಗಳು. ದೊಡ್ಡ ಟಿವಿಯನ್ನು ನಾಲ್ಕು ಚೌಕ ಮಾಡಿಟ್ಟಿದ್ದರು. ಒಂದರಲ್ಲಿ ಹನುಮಂತನಗರದ ಮುಚ್ಚಿಹೋದ ವಿಡಿಯೋ ಲೈಬ್ರರಿಯ ಕ್ಯಾಸೆಟ್ಟು, ಒಂದರಲ್ಲಿ ನಮ್ಮ ವಿಸಿಡಿ, ಒಂದರಲ್ಲಿ ದುಬೈ ಕಡೆ ಮಾರಿದ್ದ ಡಿವಿಡಿ, ಕೊನೆಯದರಲ್ಲಿ ಹೊಸ ಬ್ಲೂರೇ.

"ರಕ್ತದ ಬಣ್ಣ ನೋಡಿ ಶಶಿಯವರೇ. ಕ್ಯಾಸೆಟ್ಟಲ್ಲಿ ಟೊಮೆಟೊ ಸಾಸು. ಡಿವಿಡಿಲಿ ಬರೀ ಕಪ್ಪು. ಹೊಸದ್ರಲ್ಲಿ ಮಾತ್ರ ರಕ್ತ ರಕ್ತದ ಥರ ಇದೆ," ಅಂದರು. ಮನುಷ್ಯ ಖುಷಿಯಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ. ನಾಲ್ಕನ್ನೂ ಒಂದೇ ಜಾಗದಿಂದ ಓಡಿಸಿದರು.

ಅಪ್ಪ ನಾಲ್ಕು ಕಡೆ ಹೀರೋನನ್ನು ಎತ್ತಿದ, ನಾಲ್ಕು ಕಡೆ ಗಾಜು ಒಡೆಯಿತು. ನಮ್ಮ ಚೌಕ ಕಪ್ಪಾಯಿತು. ಉಳಿದ ಮೂರೂ ಮುಂದಕ್ಕೆ ಓಡಿದವು.

"ಇದೇನು ಸಾರ್, ಇನ್ನೂ ಇದ್ಯಾ?"

"ಸೀನ್ ಶುರುವಾಗೋದೇ ಇಲ್ಲಿಂದ. ನಿಮ್ಮ ವಿಸಿಡಿಯವರು ಟಿವಿಲಿ ತೋರ್ಸೋದಕ್ಕೂ ಆಗ್ಲಿ ಅಂತ ಹಿಂಸೆ ಪೂರ್ತಿ ಕತ್ತರಿಸಿ ಹಾಕಿದಾರೆ. ಗೊತ್ತಿರ್ಲಿಲ್ವಾ ನಿಮಗೆ?"

ಗೊತ್ತಿರಲಿಲ್ಲ. ಬದರೀನಾರಾಯಣ ಗಾಜಿನೊಳಗಿಂದ ಎದ್ದು ಬಂದು ಕಬ್ಬಿಣದ ರಾಡಿನಿಂದ ಅಪ್ಪನ ಮೊಣಕಾಲಿಗೆ ಹೊಡೆದ. ಅಪ್ಪ ಬಿದ್ದ. ಆಮೇಲೆ ಬೂಟುಗಾಲು. ಡಿವಿಡಿಯಲ್ಲಿ ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ ಇದ್ದದ್ದರಿಂದ ಹೀರೋನ ಸೊಂಟದ ಮೇಲಷ್ಟೇ ಕಾಣುತ್ತಿತ್ತು. ಕ್ಯಾಸೆಟ್ಟಿನಲ್ಲೂ ಹೊಸ ಡಿಸ್ಕಿನಲ್ಲೂ ಪಟ್ಟಿ ಇಲ್ಲ. ಬೂಟು ಅಪ್ಪನ ಹೊಟ್ಟೆಯೊಳಗೆ ಹೋಗುವುದು ಕಾಣುತ್ತಿತ್ತು. ಸಿನಿಮಾ ಒದೆತ ಹೇಗಿರುತ್ತದೆಂದು ನನಗೆ ಗೊತ್ತು, ಕಾಲು ಪಕ್ಕಕ್ಕೆ ಹೋಗಬೇಕು. ಇದು ಪಕ್ಕಕ್ಕೆ ಹೋಗುತ್ತಿರಲಿಲ್ಲ.

"ಥಿಯೇಟ್ರಲ್ಲಿ ಕೆಳಗಡೆ ಭಾಗ ಮುಚ್ಚಿ ತೋರಿಸ್ತಿದ್ರು. ನಾನೇ ಹಟ ಹಿಡಿದು ಹೊಸ ಡಿಸ್ಕಿಗೆ ಪೂರ್ತಿ ಫ್ರೇಮ್ ಹಾಕಿಸ್ದೆ," ಎಂದು ಆತ್ರೇಯ ಚಿತ್ರವನ್ನು ತುಸು ಹಿಂದಕ್ಕೆ ಹಾಕಿ ಮತ್ತೆ ಓಡಿಸಿದರು. "ಆ ಕೈ ನೋಡಿ. ಏನು ಆಕ್ಟಿಂಗ್ ಸಾರ್ ನಿಮ್ಮ ತಂದೆಯವರದು."

ಅಪ್ಪನ ಬಲಗೈ ನೆಲದ ಮೇಲಿತ್ತು. ಅಂಗೈ ಕೆಳಗೆ ಮಾಡಿ ನೆಲಕ್ಕೆ ಬಡಿಯುತ್ತಿದ್ದ. ನಾನು ಸಣ್ಣವನಿದ್ದಾಗ ಅಪ್ಪ ನನ್ನ ಜೊತೆ ಕುಸ್ತಿ ಆಡುತ್ತಿದ್ದ. ನಿಜವಾಗಿ ನೋವಾದರೆ ಅಳಬೇಡ, ಅಂಗೈಯಲ್ಲಿ ನೆಲ ಬಡಿ, ನಾನು ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದ. ಫೈಟರುಗಳೆಲ್ಲರ ನಿಯಮ ಅದು. ಬಾಯಿ ತೆರೆದರೆ ಶಾಟು ಕೆಡುತ್ತದೆ, ಅದಕ್ಕೇ ಕೈ. ಫೈಟರ್ ನೆಲ ಬಡಿದರೆ ಎದುರಿನವನು ನಿಲ್ಲಿಸಲೇಬೇಕು. ಅಪ್ಪ ಬಡಿದ. ಬದರೀನಾರಾಯಣ ಕೆಳಗೆ ನೋಡಿದ, ನೋಡಿ ಮತ್ತೆ ಒದ್ದ. ಅಪ್ಪ ಮತ್ತೆ ಬಡಿದ. ಮೆಟ್ಟಿಲೂ ಇಲ್ಲ, ಜಾರಿದ್ದೂ ಇಲ್ಲ. ನನ್ನ ಅಪ್ಪನನ್ನು ಕ್ಯಾಮೆರಾ ಮುಂದೆ ಒದ್ದು ಕೊಂದಿದ್ದರು.

"ಇನ್ನೊಂದ್ಸಲ ನೋಡಿ, ಸ್ಲೋ ಮಾಡ್ತೀನಿ," ಅನ್ನುತ್ತಾ ಆತ್ರೇಯ ರಿಮೋಟು ಒತ್ತಿದರು.

ನಾನು ಅವರ ಮುಖಕ್ಕೆ ಗುದ್ದಿದೆ. ಮೂಗಿನ ಮೂಳೆ ಮುರಿದದ್ದು ನನ್ನ ಗೆಣ್ಣಿಗೆ ಗೊತ್ತಾಯಿತು. ಕನ್ನಡಕ ಹಾರಿ ಹೋಯಿತು. ಕುತ್ತಿಗೆ ಹಿಡಿದು ಗೋಡೆಗೆ ಬಡಿದೆ, ಡಬ್ಬಿಗಳೆಲ್ಲ ತಲೆಯ ಮೇಲೆ ಸುರಿದವು, ಅವರು ನೆಲಕ್ಕೆ ಕುಸಿದರು. ಪಕ್ಕೆಗೆ ಒಂದು ಸಲ ಒದ್ದೆ. ಎರಡನೆಯದಕ್ಕೆ ಕಾಲೆತ್ತಿದಾಗ ಟಿವಿಯಲ್ಲೂ ಅಂಥದೇ ಒಂದು ಕಾಲು ನಿಧಾನಕ್ಕೆ ಮೇಲೇಳುತ್ತಿತ್ತು. ಕಾಲು ಇಳಿಸಿ ಅಲ್ಲೇ ಕೂತುಬಿಟ್ಟೆ.

ಆ ಕೈ ಏನು ಹೇಳುತ್ತಿದೆ ಅಂತ ಅವರಿಗೆ ಹೇಳಿದೆ. ಆತ್ರೇಯ ಮೂಗಿಗೆ ಪಂಚೆ ಒತ್ತಿಕೊಂಡು ಕೇಳಿದರು. ಬೈಯುತ್ತಾರೆ, ಪೊಲೀಸಿಗೆ ಫೋನ್ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಮಾಡಲಿಲ್ಲ.

"ನೂರಾರು ಸಲ ನೋಡಿದೀನಿ ನಾನು ಇದನ್ನ. ಚೆನ್ನಾಗಿದೆ ಅಂತ ನೋಡಿದೀನಿ," ಅಂದರು.

"ನಮ್ಮಮ್ಮ ಇದನ್ನ ನೋಡಬಾರ್ದು ಸಾರ್. ಅಪ್ಪ ಗೆದ್ದ ಅಂತ ನಂಬ್ಕೊಂಡು ಬದುಕಿದಾಳೆ. ಇದೊಂದು ಕಂಡರೆ ಸತ್ತೋಗ್ತಾಳೆ."

ಡಿಸ್ಕುಗಳು ಆಗಲೇ ಅಚ್ಚಾಗಿದ್ದವು. ಆದರೆ ಭಾನುವಾರ ಸಿನಿಮಾ ಓಡಿಸುವವರು ಇವರೇ. ಗಾಜು ಒಡೆದ ತಕ್ಷಣ ಆಸ್ಪತ್ರೆಯ ಸೀನಿಗೆ ಹಾರಿಸುತ್ತೇನೆ ಅಂತ ಮಾತು ಕೊಟ್ಟರು. ಮನೆಯಲ್ಲಿ ಅಮ್ಮ ನನ್ನ ಅಂಗಿಯ ಮೇಲಿನ ರಕ್ತ ನೋಡಿ ಬೈದಳು, ಒಗೆದಳು, ಕೊನೆಗೆ ಮಾಮೂಲಿನಂತೆ ಅಪ್ಪನ ಕೈ ಅಂದಳು. ಅವಳ ಮುಖ ನೋಡಲಾಗದೆ ಎದ್ದು ಹೊರಗೆ ಹೋದೆ.

ಭಾನುವಾರ ಬೆಳಗ್ಗೆ ಸಭಾಂಗಣ ತುಂಬಿತ್ತು. ಬಹಳ ಮಂದಿ ಹುಡುಗರು, ಗಡ್ಡದವರು, ಕಪ್ಪು ಟೀ ಶರ್ಟಿನವರು. ಬದರೀನಾರಾಯಣನಿಗೆ ಎಪ್ಪತ್ತು ದಾಟಿದೆ, ಈಗ ಮಲ್ಲೇಶ್ವರದ ಮನೆಯಲ್ಲಿ ಜಪ ತಪ ಅಂತ ಇದ್ದಾನಂತೆ. ಅಮ್ಮನಿಗೆ ಶಾಲು ಹೊದಿಸಿದ. ಅವಳ ಕಣ್ಣಿಗೆ ಕಣ್ಣು ಸೇರಿಸಲಿಲ್ಲ. ಆ ಕತ್ತು ಹಿಸುಕಿ ಅಲ್ಲೇ ಕೆಡವಬೇಕು ಅನ್ನಿಸಿತು. ಅಮ್ಮನಿಗೋಸ್ಕರ ಹಲ್ಲು ಕಚ್ಚಿಕೊಂಡೆ. ಸಿನಿಮಾ ಶುರುವಾಯಿತು. ಮೊದಲ ಸಾಲಿನಲ್ಲಿ ನಾನು, ಅಮ್ಮ, ನಡುವೆ ಓಡಾಡುವ ದಾರಿ, ಅದರಾಚೆ ಅವನು.

ಅಪ್ಪ ಹೀರೋನನ್ನು ಎತ್ತಿದ, ಅಪ್ಪಳಿಸಿದ. ಅಮ್ಮ ನನ್ನ ಕೈ ಅದುಮಿದಳು. ತಕ್ಷಣ ಆಸ್ಪತ್ರೆಯ ಸೀನು ಬಂತು. ನಾನು ಉಸಿರು ಬಿಟ್ಟೆ.

ಹಿಂದಿನಿಂದ ಗಲಾಟೆ ಎದ್ದಿತು. "ಗುರು, ಫೈಟ್ ಎಲ್ಲಿ? ಫೈಟ್ ನೋಡಕ್ಕೇ ಬಂದಿರೋದು. ಹಿಂದಕ್ಕೆ ಹಾಕ್ರೀ." ಶಿಳ್ಳೆ, ಕಾಲು ಬಡಿತ. ಮೂಗಿಗೆ ಪಟ್ಟಿ ಹಾಕಿಕೊಂಡಿದ್ದ ಆತ್ರೇಯ ಯಂತ್ರದ ಪಕ್ಕ ನಿಂತು ನನ್ನ ಕಡೆ ನೋಡಿದರು. ನಾನು ಬೇಡ ಅಂತ ತಲೆ ಆಡಿಸಿದೆ. ಅದನ್ನು ಅಮ್ಮ ನೋಡಿದಳು.

"ಏನಂತೆ, ನಮ್ಮನೆಯವರ ಫೈಟು ಇನ್ನೂ ಇದ್ಯಂತಾ?"

"ಏನಿಲ್ಲಮ್ಮ, ನಡಿ ಹೋಗೋಣ."

"ನೀನ್ಯಾಕೋ ಬೇಡ ಅಂತೀಯಾ? ಅವರು ಇನ್ನಷ್ಟು ಹೊತ್ತು ಕಾಣ್ತಾರೆ ಅಂದ್ರೆ ನಾನು ನೋಡ್ಬೇಕು." ಅಮ್ಮ ಎದ್ದು ಹಿಂದಕ್ಕೆ ತಿರುಗಿದಳು. "ಹಾಕಪ್ಪ, ಪೂರ್ತಿ ಹಾಕು. ನಾನು ಅವರ ಹೆಂಡ್ತಿ."

ಸಭೆ ಚಪ್ಪಾಳೆ ಹೊಡೆಯಿತು. ಆತ್ರೇಯ ಹಾಕಿದರು. ಅವರನ್ನು ದೂರುವುದಕ್ಕಾಗುವುದಿಲ್ಲ, ಆ ಮಾತಿಗೆ ಇಲ್ಲ ಅನ್ನಲು ಯಾರಿಂದಾಗುತ್ತದೆ.

ರಾಡು ಬಿತ್ತು. ಒದೆತ ಬಿತ್ತು. ಹುಡುಗರು ಶಿಳ್ಳೆ ಹೊಡೆದರು. ಅಪ್ಪನ ಬಾಯಿಂದ ಬಂದ ರಕ್ತ ಪರದೆ ತುಂಬಾ, ನಿಜವಾದ ರಕ್ತದ ಬಣ್ಣದಲ್ಲಿ. ಅವನ ಅಂಗೈ ನೆಲ ಬಡಿಯಿತು. ಫೈಟರ್ ಹೆಂಡತಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಅಳಲಿಲ್ಲ, ಕಿರುಚಲಿಲ್ಲ. ಒದೆತ ಮುಗಿದು ಅಪ್ಪ ಅಲುಗಾಡದೆ ಬೀಳುವವರೆಗೂ ನೋಡಿದಳು. ನೋಡಿ ದಾರಿ ದಾಟಿ ಬದರೀನಾರಾಯಣನ ಮುಂದೆ ಹೋಗಿ ನಿಂತಳು. ನಾನು ಮುಷ್ಟಿ ಬಿಗಿದು ಹಿಂದೆಯೇ ಹೋದೆ. ಈ ಸಲ ಕೊಂದೇಬಿಡುವವನಿದ್ದೆ.

"ಅವರು ಸಾಕು ಅಂದ್ರಲ್ಲ ಸಾರ್. ನಿಮಗೆ ಕಾಣಿಸ್ಲಿಲ್ವಾ?" ಅಂದಳು ಅಮ್ಮ.

ಅವನು ಎದ್ದು ನಿಂತ. ತಪ್ಪಿಸಿಕೊಳ್ಳಲು ನೋಡಲಿಲ್ಲ.

"ಕಾಣಿಸ್ತಮ್ಮ," ಅಂದ. "ಶಾಟ್ ಚೆನ್ನಾಗಿ ಬರ್ತಿತ್ತು. ಡೈರೆಕ್ಟ್ರು ಕಟ್ ಅನ್ಲಿಲ್ಲ, ನಾನೂ ನಿಲ್ಲಿಸ್ಲಿಲ್ಲ."

ನಾನು ಕೈ ಎತ್ತಿದೆ. ಅಮ್ಮ ತಿರುಗದೆಯೇ ನನ್ನ ಎದೆಗೆ ಮೊಣಕೈ ಒತ್ತಿ ತಡೆದಳು. "ನೀನು ಸುಮ್ನಿರು ಶಶಿ. ಇದು ನಂದು."

ಅಮ್ಮ ಹೊಡೆದಳು. ಯಾರ ಮೇಲೂ ಕೈ ಮಾಡಿದವಳಲ್ಲ ನನ್ನಮ್ಮ, ನನಗೂ ಒಂದು ಏಟು ಹಾಕಿದವಳಲ್ಲ. ಬಲಗೈಯಿಂದ ಕೆನ್ನೆಗೆ, ಎಡಗೈಯಿಂದ ಕಿವಿಗೆ, ಮತ್ತೆ ಬಲಗೈಯಿಂದ ಬಾಯಿಗೆ. ಬಳೆ ಒಡೆದು ಅವಳ ಮಣಿಕಟ್ಟಿಗೂ ಅವನ ತುಟಿಗೂ ಚುಚ್ಚಿತು. ರಕ್ತ ಯಾರದು ಅಂತ ಗೊತ್ತಾಗದಂತೆ ಶಾಲಿಗೆಲ್ಲ ಹತ್ತಿತು. ಹುಡುಗರು ಓಡಿ ಬಂದರು. ನಾನು ಅಡ್ಡ ನಿಂತೆ, ಯಾರನ್ನೂ ಹತ್ತಿರ ಬಿಡಲಿಲ್ಲ. ಮುದುಕ ಕುರ್ಚಿಗೆ ಕುಸಿದು ಬಿದ್ದ. ಅಲ್ಲಿಂದಲೇ ಕೈ ಮುಗಿದು ಮುಖ ಮುಂದೆ ಚಾಚಿದ.

"ಹೊಡೀರಮ್ಮ. ಇನ್ನೂ ಹೊಡೀರಿ. ಈ ಏಟಿಗೆ ಇಷ್ಟು ವರ್ಷ ಕಾದಿದೀನಿ."

ಅಮ್ಮನ ಎತ್ತಿದ ಕೈ ಅಲ್ಲೇ ನಿಂತಿತು. ಏದುಸಿರು ಬಿಡುತ್ತಾ ಅದನ್ನು ಇಳಿಸಿದಳು.

"ನಿಮಗೆ ಸಮಾಧಾನ ಆಗೋಷ್ಟು ಹೊಡೆಯಕ್ಕೆ ನಾನು ಬಂದಿಲ್ಲ," ಅಂದಳು.

ಅವನು ಹಾಗೇ ಮುಖ ಚಾಚಿಕೊಂಡು, ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದ. ಅಮ್ಮ ಹೊರಟಳು. ನಾನು ಅವನ ಪಕ್ಕದಲ್ಲೇ ಹಾದುಹೋದೆ, ಮುಟ್ಟಲಿಲ್ಲ. ಆಟೋದಲ್ಲಿ ಅಮ್ಮನ ಕೈ ಊದಿಕೊಳ್ಳಲು ಶುರುವಾಯಿತು. ಒಡೆದ ಬಳೆಯ ಚೂರುಗಳನ್ನು ಒಂದೊಂದಾಗಿ ತೆಗೆದು, ಚಾಮರಾಜಪೇಟೆ ಬರುವವರೆಗೂ ಆ ಕೈ ಹಿಡಿದುಕೊಂಡು ಕೂತೆ.